ನವೆಂಬರಿನ ಹಡಗು

ಏಪ್ರಿಲ್ ಎಂದರೆ ಸಾಂತೋಸಿನಲ್ಲಿ ಹಡಗುಗಳು ನಮ್ಮನ್ನು ಬಿಟ್ಟುಹೋಗುವ ತಿಂಗಳು. ಯೂರೋಪಿನಲ್ಲಿ ಚಳಿ ಹುಟ್ಟುವಾಗ, ನವೆಂಬರಿನಲ್ಲಿ, ವಿಹಾರದ ಬಿಳಿಯ ಹಡಗುಗಳು ನಮ್ಮ ಬಂದರಿಗೆ ಬರುತ್ತವೆ. ಭೂಮಿಯ ದಕ್ಷಿಣದಲ್ಲಿರುವ ನಮಗೆ ಆಗ ಬೇಸಿಗೆ. ಆ ಬೇಸಿಗೆಯಿಡೀ ಜನರನ್ನು ತುಂಬಿಕೊಂಡು ಹೋಗಿ, ಕುಣಿಸಿ, ಉಣಿಸಿ, ಅದೇ ಕಟ್ಟೆಗೆ ತಂದು ಇಳಿಸುತ್ತವೆ. ಬಿಸಿಲು ಬಾಡತೊಡಗಿದೊಡನೆ ಒಂದೊಂದಾಗಿ ಅಟ್ಲಾಂಟಿಕ್ ದಾಟಲು ಹೊರಡುತ್ತವೆ. ಆ ಕಡೆಯ ಪಯಣ ಒಮ್ಮುಖದ್ದು. ಅದರ ಟಿಕೆಟ್ಟು ಅಗ್ಗ. ಯಾರು ಹತ್ತಲಿ ಬಿಡಲಿ, ಹಡಗು ಹೋಗಲೇಬೇಕಲ್ಲ.

ಆ ವರ್ಷ ನನ್ನ ಹೆಂಡತಿ ಬೆನ್ವಿಂದಾ ಕೇಳಿದ್ದು ಅಂಥ ಟಿಕೆಟ್ಟನ್ನೇ.

ಅವಳು ಹುಟ್ಟಿದ್ದು ಅಟ್ಲಾಂಟಿಕ್‌ನ ಆಚೆ, ಯೂರೋಪಿನ ಕಡೆಯ ಮದೇರಾ ದ್ವೀಪದಲ್ಲಿ. ಒಂಬತ್ತು ವರ್ಷದವಳಿದ್ದಾಗ ತಾಯಿತಂದೆಯರೊಂದಿಗೆ ಹಡಗಿನ ಅಡಿಯಂತಸ್ತಿನಲ್ಲಿ ಇಲ್ಲಿಗೆ ಬಂದಳು. ಈರುಳ್ಳಿಯ ವಾಸನೆ, ಹೆಂಗಸರ ಕಡೆ ಬೇರೆ, ಗಂಡಸರ ಕಡೆ ಬೇರೆ, ಹಗಲು ಮಾತ್ರ ಮೇಲೆ ಅಪ್ಪನ ಮುಖ ಕಾಣುವುದು: ಆ ಪಯಣದಲ್ಲಿ ಅವಳಿಗೆ ಉಳಿದದ್ದು ಇಷ್ಟೇ. ಅಜ್ಜಿಯನ್ನು ನೋಡಿಕೊಳ್ಳಲೆಂದು ಅಕ್ಕ ಫಿಲೊಮೆನಾ ಅಲ್ಲೇ ನಿಂತಳು. ಮರುವರ್ಷ ಬರುತ್ತಾಳೆ ಎಂದಿದ್ದರಂತೆ. ಅಜ್ಜಿ ಬಹಳ ಕಾಲ ಬದುಕಿದಳು. ಆಮೇಲೆ ಮದುವೆ, ಮಕ್ಕಳು, ದ್ರಾಕ್ಷಿಯ ತೋಟ. ಈಗ ಫಿಲೊಮೆನಾಗೆ ತೊಂಬತ್ತರ ಹತ್ತಿರ.

ಫೆಬ್ರವರಿಯಲ್ಲಿ ಅವಳ ಮಗಳು ಫೋನು ಮಾಡಿ ಹೇಳಿದಳು: "ಚಿಕ್ಕಮ್ಮಾ, ಅಮ್ಮ ದಿನಾ ಬೆಳಿಗ್ಗೆ ನಿಮ್ಮನ್ನ ಕೇಳ್ತಾಳೆ. ಮೊದ್ಲು 'ಬೆನ್ವಿಂದಾ ಹೇಗಿದಾಳೆ' ಅಂತಿದ್ಲು. ಈಗ 'ಆ ಹುಡುಗಿ ಊಟ ಮಾಡಿದ್ಲಾ' ಅಂತಾಳೆ."

ಬೆನ್ವಿಂದಾ ಫೋನಿಟ್ಟು ಬಹಳ ಹೊತ್ತು ಕೈಯಲ್ಲಿದ್ದ ಕಸೂತಿಯ ಬಟ್ಟೆಯನ್ನು ತಿರುವಿ ಹಾಕಿ ನೋಡುತ್ತಿದ್ದಳು. ನಮ್ಮೂರಿನ ಸಾವೊ ಬೆಂತೊ ಗುಡ್ಡದ ಮೇಲಿನ ಮದೇರಾದ ಹೆಂಗಸರೆಲ್ಲ ಹಾಗೆಯೇ. ಕಸೂತಿ ಸರಿಯಿದೆಯೇ ಎಂದು ತಿಳಿಯಲು ಹಿಂಬದಿಯನ್ನು ನೋಡುತ್ತಾರೆ. ನಾನು ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಮುಗಿಸಿ, ಬೆರಳಿಗೆ ಮಸಿ ಮೆತ್ತಿಕೊಂಡೇ ಆ ಗುಡ್ಡದ ಮೆಟ್ಟಿಲು ಹತ್ತುತ್ತಿದ್ದ ದಿನಗಳಲ್ಲಿ, ಸಾಲಾಗಿ ಹೊಸ್ತಿಲುಗಳ ಮೇಲೆ ಕುಳಿತ ಹೆಂಗಸರ ಮಡಿಲಲ್ಲಿ ಸಂಜೆಯ ಬೆಳಕು ಬಿಳಿಯ ಬಟ್ಟೆಯಾಗಿ ಹರಡಿರುತ್ತಿತ್ತು. ಅವರಲ್ಲಿ ಒಬ್ಬಳು ಮಾತ್ರ ತಲೆಯೆತ್ತುತ್ತಿದ್ದಳು. ಆ ಬೆಳಕನ್ನು ಆಮೇಲೆ ಎಷ್ಟೋ ಕವಿತೆಗಳಲ್ಲಿ ಹುಡುಕಿದ್ದೇನೆ. ಸಿಕ್ಕಿದ್ದು ಬರಿಯ ಅದರ ನೆರಳು.

ವಿಮಾನದಲ್ಲಿ ಹೋಗಬಹುದಿತ್ತಲ್ಲ ಎನ್ನುವವರಿಗೆ ನನ್ನಲ್ಲಿ ಒಂದೇ ಉತ್ತರವಿದೆ. ನಾವಿಬ್ಬರೂ ಇನ್ನೂ ಗಟ್ಟಿಯಾಗಿದ್ದ ಕಾಲದಲ್ಲಿ ಒಮ್ಮೆ ರೆಸಿಫೆಗೆ ಹೋಗಲೆಂದು ವಿಮಾನ ಹತ್ತಿದ್ದೆವು. ಬಾಗಿಲು ಮುಚ್ಚುವ ಮೊದಲು ಬೆನ್ವಿಂದಾ ಎದ್ದು ನಿಂತು, ಗಗನಸಖಿಗೆ "ಮಗಳೇ, ಒಲೆ ಆರಿಸೋದು ಮರೆತೆ" ಎಂದು ಹೇಳಿ, ಇಳಿದುಬಿಟ್ಟಳು. ಅವಳ ಹಿಂದೆ ನಾನು, ನನ್ನ ಹಿಂದೆ ಮೂವರು ಸಿಬ್ಬಂದಿ. ಅಲ್ಲಿಗೆ ಆ ದಾರಿ ಮುಗಿಯಿತು. "ನೀರಿನ ಮೇಲೆ ಬಂದೆ, ಹೋಗೋದಾದ್ರೆ ನೀರಿನ ಮೇಲೇ," ಎನ್ನುತ್ತಿದ್ದಳು.

ನೀರಿನ ಮೇಲೆ ಹೋದರೆ ಏಪ್ರಿಲಿನಲ್ಲಿ ಹೋಗಬೇಕು, ಹಿಂದಿರುಗಲು ನವೆಂಬರಿಗೆ ಕಾಯಬೇಕು. ನಾನು ಅಷ್ಟು ದಿನ ಊರು ಬಿಟ್ಟಿರುವ ಹಾಗಿರಲಿಲ್ಲ. ನನ್ನ ಎರಡೂ ಕಣ್ಣುಗಳ ನೋಟದ ನಡುಮಧ್ಯದಲ್ಲಿ ಮಸಿಯ ಚುಕ್ಕೆಯೊಂದು ಬಂದು ಕುಳಿತಿತ್ತು. ಓದಿದರೆ ಸಾಲಿನ ನಡುವಿನ ಪದ ಬಿದ್ದುಹೋಗುತ್ತದೆ, ಅಂಚಿನವು ಉಳಿಯುತ್ತವೆ. ಕವಿತೆಯನ್ನು ಹಾಗೂ ಓದಬಹುದು; ಔಷಧಿಯ ಚೀಟಿಯನ್ನು ಓದಲಾಗದು. ತಿಂಗಳಿಗೊಮ್ಮೆ ಇಲ್ಲಿನ ಆಸ್ಪತ್ರೆಯಲ್ಲಿ ಕಣ್ಣಿಗೆ ಚುಚ್ಚುಮದ್ದು ಹಾಕುತ್ತಿದ್ದರು. ತಪ್ಪಿಸಿದರೆ ಉಳಿದಿರುವುದೂ ಹೋಗುತ್ತದೆ ಎಂದಿದ್ದರು ವೈದ್ಯೆ. ಪರದೇಶದಲ್ಲಿ ಆ ಮದ್ದು ನನ್ನ ಪಿಂಚಣಿಗೆ ನಿಲುಕುವಂಥದಲ್ಲ.

ಆದ್ದರಿಂದ ನಾನು ಬೇರೆ ವಿಹಾರದ ಮಾತೆತ್ತಿದೆ. ಉತ್ತರದ ಊರುಗಳಿಗೆ ಹೋಗಿ, ವಾರದಲ್ಲಿ ಅದೇ ಕಟ್ಟೆಗೆ ಮರಳುವಂಥದು. ನಮ್ಮ ಮೇಲಿನ ಮನೆಯ ಜೆನಾಯಿದಿ ವರ್ಷವರ್ಷವೂ ಹೋಗುವವಳು. ಅವಳನ್ನೇ ಕಾಫಿಗೆ ಕರೆದೆ.

"ಬುಕ್ ಮಾಡೋಕೆ ಮೂರು ದಾರಿ," ಎಂದಳು ಜೆನಾಯಿದಿ, ಗೆಣಸಿನ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ. "ಮೊಬೈಲಲ್ಲಿ ನೀವೇ ಒತ್ತೋದು. ಏಜೆನ್ಸಿಗೆ ಹೋಗೋದು. ಎಲ್ಲಕ್ಕಿಂತ ಒಳ್ಳೇದು, ಹಡಗಲ್ಲಿದ್ದಾಗ್ಲೇ ಮುಂದಿನ್ದಕ್ಕೆ ಹೆಸ್ರು ಕೊಡೋದು. ಕುಣಿದು ಸುಸ್ತಾಗಿ ಕೂತಿರ್ತೀವಲ್ಲ, ಆಗ ಒಬ್ಳು ಬಂದು ಕೇಳ್ತಾಳೆ. ರಿಯಾಯ್ತಿ ಕೊಡ್ತಾರೆ."

"ಅದಕ್ಕೆ ಮೊದ್ಲು ಹಡಗಲ್ಲಿರ್ಬೇಕಲ್ಲ," ಎಂದಳು ಬೆನ್ವಿಂದಾ.

"ಅದೊಂದು ತೊಂದ್ರೆ ಇದೆ," ಎಂದು ಜೆನಾಯಿದಿ ಒಪ್ಪಿಕೊಂಡಳು. "ಹಾಗಾದ್ರೆ ಕೊನೇ ವಾರದವರೆಗೆ ಕಾಯಿರಿ. ಖಾಲಿ ಉಳಿದಿದ್ದನ್ನ ಅರ್ಧ ಬೆಲೆಗೆ ಮಾರ್ತಾರೆ. ಯಾವ ಕೋಣೆ ಅಂತ ಕೇಳ್ಬಾರ್ದು, ಅವರು ಕೊಟ್ಟಿದ್ದು. ನಂಗೊಂದ್ಸಲ ಕುಣಿಯೋ ಹಾಲ್‌ನ ಕೆಳಗೇ ಕೊಟ್ಟಿದ್ರು. ತಲೆ ಮೇಲೆ ಊರೆಲ್ಲ ಸಾಂಬಾ."

"ಕಾಯೋದು ನಮ್ಮ ಮುದುಕನಿಗೆ ಚೆನ್ನಾಗಿ ಬರುತ್ತೆ," ಎಂದಳು ಬೆನ್ವಿಂದಾ. "ನಮ್ಮಕ್ಕಂಗೆ ಬರಲ್ಲ. ಜೆನಾಯಿದಿ, ಮದೇರಾದಲ್ಲಿ ಇಳಿಯೋಕೆ ಮೊಬೈಲಲ್ಲಿ ಎಲ್ಲಿ ಒತ್ಬೇಕು?"

ಜೆನಾಯಿದಿ ನನ್ನ ಮುಖ ನೋಡಿದಳು. ಮೊಬೈಲು ತೆಗೆದು, ಕನ್ನಡಕ ಮೇಲೇರಿಸಿ, ಬೆರಳಾಡಿಸಿ, ಕೊನೆಗೆ ಹೇಳಿದಳು: "ಇದ್ರಲ್ಲಿ ಕೊನೇ ಬಂದರು ಜಿನೋವಾ ಅಂತ ಮಾತ್ರ ಇದೆ. ಮದೇರಾದ ಫುಂಶಾಲ್‌ನಲ್ಲಿ ಬೆಳಿಗ್ಗೆ ನಿಲ್ಲುತ್ತೆ, ಸಂಜೆ ಹೊರಡುತ್ತೆ. ಒಂದು ಹಗಲು ಅಕ್ಕನ್ನ ನೋಡಿ ಹತ್ಕೋಬಹುದು."

ಜಿನೋವಾದಿಂದ ಹಿಂದಿರುಗುವುದು ಹೇಗೆಂದು ಯೋಚಿಸದೆಯೇ, ಒಂದು ಹಗಲು ಎಂಬ ಮಾತನ್ನು ನಾನು ಅಪ್ಪಿಕೊಂಡೆ. ಆದರೆ ಅದೇ ಭಾನುವಾರ ಫಿಲೊಮೆನಾ ತಾನೇ ಫೋನಿಗೆ ಬಂದಳು. ಅಂದು ಅವಳ ತಲೆ ತಿಳಿಯಾಗಿತ್ತು. ದ್ವೀಪದ ಹಳೆಯ ರಾಗದಲ್ಲಿ, ಪ್ರತಿ ಮಾತನ್ನೂ ಇಳಿಜಾರಿನಲ್ಲಿ ಉರುಳಿಬಿಟ್ಟ ಹಾಗೆ ಮಾತನಾಡುತ್ತಿದ್ದಳು.

"ಏ ಹುಡುಗಿ, ಹಡಗಿನೋರು ಇಲ್ಲಿಗೆ ದಿನಾ ಬರ್ತಾರೆ. ಜೇನಿನ ಕೇಕು ತಿಂತಾರೆ, ಹೂವಿನ ಫೋಟೊ ಹೊಡೀತಾರೆ, ಹೋಗ್ತಾರೆ. ಹಾಗೆ ಬರೋದಾದ್ರೆ ಬರ್ಬೇಡ. ಹೋಗೋದನ್ನ ಒಂದ್ಸಲ ನೋಡಿದೀನಿ, ಸಾಕು. ಬಂದ್ರೆ ಇರು."

"ಇರ್ತೀನಿ ಅಕ್ಕಾ," ಎಂದಳು ಬೆನ್ವಿಂದಾ.

ಆ ಎರಡು ಪದಗಳು ನನ್ನ ಎದೆಯಲ್ಲಿ ಕುಳಿತವು. ಎಷ್ಟು ದಿನ ಎಂದು ಅಕ್ಕ ಕೇಳಲಿಲ್ಲ, ತಂಗಿ ಹೇಳಲಿಲ್ಲ. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಮೌನವನ್ನು ಹಂಚಿಕೊಳ್ಳಲು ಇಬ್ಬರಿದ್ದೆವು. ಅದನ್ನು ಒಬ್ಬನೇ ಹೊರುವುದು ಹೇಗೆಂದು ನಾನು ಕಲಿತಿರಲಿಲ್ಲ. ಆದರೆ ಹೋಗಬೇಡ ಎನ್ನುವ ಬಾಯಿಯೂ ನನ್ನದಲ್ಲ.

ಮಾರನೆಯ ದಿನ ಗೊಂಜಾಗಾ ಬಡಾವಣೆಯ ಅಂಗಡಿಸಾಲಿನಲ್ಲಿರುವ ಪ್ರವಾಸದ ಏಜೆನ್ಸಿಗೆ ಹೋದೆವು. ಅಲ್ಲಿ ಇವೋನಿ ಎಂಬ ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ಸರಪಣಿಯಲ್ಲಿ ಎದೆಗೆ ಇಳಿಬಿಟ್ಟುಕೊಂಡು ಕುಳಿತಿದ್ದಳು. ಹಿಂದಿನ ಗೋಡೆಯ ಮೇಲೆ ಹಡಗೊಂದರ ಸೀಳುನೋಟದ ಚಿತ್ರ. ಜೇನುಗೂಡಿನ ಕೋಶಗಳಂಥ ಕೋಣೆಗಳು. ಬೆನ್ವಿಂದಾ ವಿಷಯ ಹೇಳಿದಳು.

"ಮಧ್ಯದಲ್ಲಿ ಇಳಿಯೋಕೆ ಕಂಪನಿ ಒಪ್ಪಿಗೆ ಬೇಕು, ದೋನಾ ಬೆನ್ವಿಂದಾ," ಎಂದಳು ಇವೋನಿ. "ಮೊಬೈಲಲ್ಲಿ ಒತ್ತಿ ಸುಮ್ನೆ ಇಳಿದುಬಿಟ್ರೆ, ಹಡಗಿನೋರು ನಿಮ್ಮನ್ನ ಕಾಯ್ತಾ ಮೈಕಲ್ಲಿ ಹೆಸ್ರು ಕೂಗ್ತಿರ್ತಾರೆ. ನಾನು ಮೊದ್ಲೇ ಕೇಳಿ ಒಪ್ಸಿ ಇಡ್ತೀನಿ. ಆದ್ರೆ ಜಿನೋವಾವರೆಗಿನ ದುಡ್ಡು ಕೊಡ್ಲೇಬೇಕು."

"ಮಿಕ್ಕ ದಾರಿ ಯಾರಾದ್ರೂ ಬಡವ್ರಿಗೆ ಕೊಡಿ," ಎಂದಳು ಬೆನ್ವಿಂದಾ.

"ಅದಕ್ಕೆ ಅವಕಾಶ ಇಲ್ಲ," ಎಂದು ಇವೋನಿ ನಕ್ಕಳು. "ಎಷ್ಟು ಜನ?"

"ಒಬ್ಳು," ಎಂದೆ ನಾನು.

ಇವೋನಿ ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದಳು. "ಸೆನ್ಯೋರ್ ಅದೆಲಿನೊ, ಹಡಗಲ್ಲಿ ಕೋಣೆ ಮಾರ್ತಾರೆ, ಮನುಷ್ಯರನ್ನ ಲೆಕ್ಕ ಹಾಕಲ್ಲ. ಪ್ರತಿ ಕೋಣೆನೂ ಇಬ್ಬರಿಗೆ ಅಂತಾನೇ ಮಾಡಿರೋದು. ಒಬ್ರೇ ಹೋದ್ರೂ ಇಬ್ಬರ ದುಡ್ಡು. ನಿಮ್ಮ ಜಾಗಕ್ಕೆ ಹೇಗಿದ್ರೂ ಕೊಡ್ತೀರಿ, ಮಲಗೋದು ಬಿಡೋದು ನಿಮ್ಮಿಷ್ಟ."

"ನೋಡು," ಎಂದಳು ಬೆನ್ವಿಂದಾ. "ನೀನು ಬರ್ದಿದ್ರೂ ನಿನ್ನ ಖರ್ಚು ತಪ್ಪಲ್ಲ. ಮದುವೆ ಆದಾಗಿಂದ ಹಿಂಗೇ."

ಕಟ್ಟೆಯ ಮೇಲೆ ನಿಂತು ಕೈಬೀಸಿ ಮನೆಗೆ ಮರಳುವುದು ನಾನು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದ ವಿದಾಯ. ಅದರಲ್ಲಿ ನನಗೆ ಮಾಡಲು ಏನೂ ಇರಲಿಲ್ಲ. ಹಡಗೇ ಎಲ್ಲವನ್ನೂ ಮಾಡುತ್ತಿತ್ತು. ಈಗ ಬೇರೊಂದು ದಾರಿ ತೆರೆಯಿತು. ಎರಡು ಚುಚ್ಚುಮದ್ದುಗಳ ನಡುವಿನ ದಿನಗಳಲ್ಲಿ ನಾನು ಅವಳೊಡನೆ ಸಾಗರ ದಾಟಬಹುದು. ಆದರೆ ಫುಂಶಾಲ್‌ನಿಂದ ವಿಮಾನ ಹತ್ತಿ ಒಬ್ಬನೇ ಹಿಂದಿರುಗಬೇಕು. ಆಗ ಬಿಟ್ಟುಹೋಗುವವನು ನಾನೇ. ಅವಳ ತಾಯ್ನೆಲದಲ್ಲಿ, ಅವಳಕ್ಕನ ಪಕ್ಕದಲ್ಲಿ ಅವಳನ್ನು ನಿಲ್ಲಿಸಿ, ನಾನೇ ಬೆನ್ನು ತಿರುಗಿಸಬೇಕು.

"ಹೋಗುವಾಗ ಬರ್ತೀನಿ," ಎಂದೆ. "ಆಮೇಲೆ ಒಂದು ಮಾತು ಕೇಳ್ಬೇಕು. ಇಲ್ಲೇ ಕೇಳ್ತೀನಿ, ಮನೇಲಾದ್ರೆ ನೀನು ಅಡುಗೆಮನೆಗೆ ಹೋಗ್ತೀಯ."

"ಕೇಳು."

"ನವೆಂಬರಿಗೆ ನಿನ್ನಕ್ಕ ಬದುಕಿದ್ರೆ, ಹೇಗೆ ಬಿಟ್ಟು ಬರ್ತೀಯ? ಬದುಕಿಲ್ದಿದ್ರೆ, ಆ ಮನೇನ ಹೇಗೆ ಬಿಟ್ಟು ಬರ್ತೀಯ?"

ಇವೋನಿ ಎದ್ದು ಒಳಗೆ ಕಾಫಿ ತರಲು ಹೋದಳು. ಯಾರೂ ಕಾಫಿ ಕೇಳಿರಲಿಲ್ಲ.

ಗಾಜಿನಾಚೆ ಜನ ಹೋಗುತ್ತಿದ್ದರು, ನನಗೆ ಮುಖಗಳಿಲ್ಲದೆ, ಬರಿಯ ಕೊಡೆ, ಚೀಲ, ನಡಿಗೆಗಳಾಗಿ. ಪಕ್ಕದ ಅಂಗಡಿಯ ರೇಡಿಯೊದಲ್ಲಿ ಯಾರೋ ಫುಟ್‌ಬಾಲ್ ಜಗಳ ತೀರಿಸುತ್ತಿದ್ದರು. ನಾನು ಬೆನ್ವಿಂದಾಳ ಕಡೆ ನೇರ ನೋಡಿದರೆ ಅವಳ ಮುಖವಿರುವಲ್ಲಿ ಚುಕ್ಕೆ ಕೂರುತ್ತಿತ್ತು. ಆದ್ದರಿಂದ ಅವಳನ್ನು ನೋಡಬೇಕೆಂದಾಗಲೆಲ್ಲ ನಾನು ತುಸು ಬೇರೆಡೆ ನೋಡುವುದನ್ನು ಕಲಿತಿದ್ದೆ. ಹಾಗೆ ನೋಡಿದಾಗ, ಕಣ್ಣಂಚಿನಲ್ಲಿ, ಅವಳು ಗೋಡೆಯ ಮೇಲಿನ ಹಡಗನ್ನೇ ನೋಡುತ್ತಿರುವುದು ಕಂಡಿತು. ಒಂಬತ್ತರ ಹುಡುಗಿಯೊಬ್ಬಳು ಮೆಟ್ಟಿಲು ಹತ್ತಿ ಮೇಲೆ ಬಂದು ಅಪ್ಪನನ್ನು ಹುಡುಕುವಾಗ ಬಹುಶಃ ಹಾಗೆಯೇ ನೋಡುತ್ತಿದ್ದಳೇನೋ.

ಇವೋನಿ ಮೂರು ಸಣ್ಣ ಬಟ್ಟಲುಗಳೊಂದಿಗೆ ಬಂದಳು.

"ನವೆಂಬರಿನ ಹಡಗಿಗೆ ಈಗ್ಲೇ ಟಿಕೆಟ್ ಕೊಡ್ತೀರಾ?" ಎಂದು ಬೆನ್ವಿಂದಾ ಕೇಳಿದಳು.

"ಕೊಡ್ತೀನಿ. ಬೇಗ ಮಾಡಿದ್ರೆ ಒಳ್ಳೇದೇ. ಫುಂಶಾಲ್‌ನಲ್ಲಿ ಹತ್ತೋಕೂ ಒಪ್ಪಿಗೆ ಕೇಳ್ತೀನಿ. ಆದ್ರೆ ಅದೇ ನಿಯಮ, ದೋನಾ ಬೆನ್ವಿಂದಾ. ಒಬ್ರಿಗೆ ಅಂದ್ರೂ ಇಬ್ಬರ ದುಡ್ಡು."

"ಹಾಗಿದ್ರೆ ಇವನ ಹೆಸ್ರೂ ಬರೀರಿ."

"ನಾನು ಇಲ್ಲಿರ್ತೀನಲ್ಲ," ಎಂದೆ.

"ಹಾರೋಕೆ ನಿಂಗೆ ಭಯ ಇಲ್ಲ. ನವೆಂಬರಿನ ಚುಚ್ಚುಮದ್ದು ಹಾಕಿಸ್ಕೊಂಡು ಹಾರಿ ಬಾ. ನಾನು ಕಟ್ಟೆಗೆ ಬಂದು ನಿಂತಿರ್ತೀನಿ. ಇಬ್ರೂ ಹಡಗಲ್ಲಿ ಬರೋಣ."

"ಅಷ್ಟೊತ್ತಿಗೆ ನನ್ನ ಕಣ್ಣು ಹೇಗಿರುತ್ತೋ."

"ಹಡಗು ನಡೆಸೋದು ನೀನಲ್ವಲ್ಲ," ಎಂದಳು ಬೆನ್ವಿಂದಾ. ಆಮೇಲೆ ದನಿ ತಗ್ಗಿಸಿದಳು. "ನೀನು ಕೇಳಿದ್ದು ಸರಿ, ಮುದುಕಾ. ಅಕ್ಕನ್ನ ಬಿಟ್ಟು ಬರೋಕೆ ನನ್ನಿಂದ ಆಗಲ್ಲ. ಆದ್ರೆ ನೀನು ಬಂದು ನಿಂತ್ರೆ ಬರ್ತೀನಿ. ಅದಕ್ಕೇ ನಿನ್ನ ಹೆಸ್ರು ಬೇಕು."

ನನ್ನ ಕಾಫಿ ಆರಿಹೋಗಿತ್ತು. ನಾನು ಅದನ್ನು ಕುಡಿದೆ. ಇವೋನಿ ನನ್ನ ಪೂರ್ಣ ಹೆಸರು, ಹುಟ್ಟಿದ ವರ್ಷ ಕೇಳಿದಳು, ಹೇಳಿದೆ. ಅವಳ ಬೆರಳುಗಳು ಕೀಲಿಮಣೆಯ ಮೇಲೆ ಓಡುವ ಸದ್ದು ಹಳೆಯ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆಗಳು ಪೆಟ್ಟಿಗೆಗೆ ಬೀಳುವ ಸದ್ದಿನಂತೆ ಕೇಳಿಸಿತು. ಎಷ್ಟೋ ಜನರ ಹೆಸರುಗಳನ್ನು ತಿದ್ದಿದ್ದೆ ನಾನು, ಹುಟ್ಟಿದವರವು, ಸತ್ತವರವು, ಹಡಗಿನಿಂದ ಇಳಿದವರವು. ನನ್ನ ಹೆಸರು ಸರಿಯಾಗಿ ಮೂಡಿತೇ ಎಂದು ನೋಡಲು ಮಾತ್ರ ನನ್ನಿಂದಾಗಲಿಲ್ಲ.

"ಕಿಟಕಿ ಬೇಕಾ, ಒಳಗಿನ ಕೋಣೆ ಸಾಕಾ?" ಎಂದಳು ಇವೋನಿ.

"ಒಳಗಿಂದು ಸಾಕು," ಎಂದಳು ಬೆನ್ವಿಂದಾ. "ಮೇಲೆ ಹೋಗಿ ನಿಂತ್ರೆ ನೀರು ಕಾಣುತ್ತೆ."

"ಕೊನೇ ಪ್ರಶ್ನೆ. ಕೋಣೇಲಿ ಎರಡು ಮಂಚ ಇರುತ್ತೆ. ಬೇರೆ ಬೇರೆ ಇಡ್ಬಹುದು, ಜೋಡಿಸಿ ಒಂದು ಮಾಡ್ಬಹುದು. ಹತ್ತೋ ಮೊದ್ಲೇ ಹೇಳ್ಬೇಕು."

"ಹೋಗುವಾಗ ಬೇರೆ ಇರ್ಲಿ," ಎಂದಳು ಬೆನ್ವಿಂದಾ. "ಇವನು ಗೊರಕೆ ಹೊಡೀತಾನೆ. ನಾನು ಅಕ್ಕನ ಮುಂದೆ ನಿದ್ದೆಗೆಟ್ಟ ಮುಖ ಇಟ್ಕೊಂಡು ನಿಲ್ಲೋಕಾಗಲ್ಲ."

"ಬರುವಾಗ?"

ಬೆನ್ವಿಂದಾ ಚೀಲದ ಬಾಯಿ ಮುಚ್ಚಿ ಎದ್ದು ನಿಂತಿದ್ದಳು. ನನ್ನ ತೋಳು ಹಿಡಿದು ಎಬ್ಬಿಸಿದಳು.

"ಬರುವಾಗ ಜೋಡಿಸಿ."