ಮೂರು ಬೆರಳು ವಿಭೂತಿ

೧೯೮೪ರ ಆಯುಧಪೂಜೆ ಕಳೆದ ಮೂರನೇ ದಿನ, ಬಳ್ಳಾರಿಯ ಇತಿಹಾಸ ಬರೆಯುವವರು ಯಾರೂ ಕಡೆಗಣಿಸಬಾರದಾಗಿದ್ದ ಘಟನೆಯೊಂದು ಕೌಲ್ ಬಜಾರಿನಲ್ಲಿ ನಡೆಯಿತು: ರೇಡಿಯೋ ರಿಪೇರಿಯ ಅಂಜಿನಪ್ಪ ಒಂದು ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿದ.

ಕ್ಯಾಸೆಟ್ಟು ಕುರುಗೋಡಿನ ಅಕ್ಕನಾಗಮ್ಮನದು. ಒಳಗಿದ್ದದ್ದು ತೀರಿಹೋದ ಅವ್ವ ಕೊಟ್ರಮ್ಮನ ಬೀಗರ ಹಾಡುಗಳು. ದೀಪಾವಳಿ ದಾಟಿದರೆ ಮಗಳ ಮದುವೆ. ಗಂಡಿನವರು ಸಿರುಗುಪ್ಪದವರು, ಬೀಗರನ್ನು ಹಾಡಿನಲ್ಲಿ ಹಂಗಿಸುವುದರಲ್ಲಿ ಮೂರು ತಲೆಮಾರಿನಿಂದ ಪಳಗಿದವರು. ಎದುರು ಹಾಡಿ ಮಾನ ಉಳಿಸಿಕೊಳ್ಳಲು ಈ ಕಡೆ ಇದ್ದದ್ದು ಈ ಕ್ಯಾಸೆಟ್ಟೊಂದೇ. ಅಂಥದ್ದಕ್ಕೆ ಅಕ್ಕನಾಗಮ್ಮನ ಗಂಡ ದೊಡ್ಡಬಸಪ್ಪ ಆಯುಧಪೂಜೆಯಂದು, ಟೇಪ್ ರೆಕಾರ್ಡರಿನ ಸಮೇತ ನೀರು ಚಿಮುಕಿಸಿ, ಮೂರು ಬೆರಳು ವಿಭೂತಿ ಬಳಿದು ಪೂಜೆ ಮಾಡಿದ್ದ. ಆಮೇಲೆ ಹಾಕಿದಾಗ ಟೇಪು ಒಳಗೇ ಸಿಕ್ಕಿಕೊಂಡಿತ್ತು.

“ಸಿಕ್ಕೊಂಡ ಮ್ಯಾಲೆ ಎಷ್ಟ ಸಲ ಹಾಕಿದ್ರಿ?” ಎಂದ ಅಂಜಿನಪ್ಪ.

“ಒಂದ ಸಲರಿ,” ಎಂದ ದೊಡ್ಡಬಸಪ್ಪ.

“ಹನ್ನೊಂದ ಸಲ,” ಎಂದಳು ಅಕ್ಕನಾಗಮ್ಮ.

“ಕಾಲು ಮುರದಾವನ್ನ ಹನ್ನೊಂದ ಸಲ ಓಡಿಸಿ ನೋಡಿದಂಗಾತು. ಇರ್ಲಿ, ಬರತೈತಿ. ಚಾ ಕುಡೀರಿ.”

ವಿಭೂತಿ ಹಣೆಗೆ ಚೊಲೊ, ಟೇಪಿಗೆ ಅದು ಉಸುಕು ಎಂದು ಗೊಣಗುತ್ತ ಅಂಜಿನಪ್ಪ ಟೇಪನ್ನು ಮಾರುಮಾರು ಎಳೆದು, ಸ್ಪಿರಿಟ್ ಸೋಕಿಸಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿದ. ನುಜ್ಜಾಗಿದ್ದ ಮೂರು ಬೆರಳಗಲದ ತುಂಡನ್ನು ಕತ್ತರಿಸಿ, ತುದಿಗಳನ್ನು ಅಂಟಿಸಿ, ಬೇರೆ ಕ್ಯಾಸೆಟ್ಟಿನ ಖಾಲಿ ಡಬ್ಬಿಯೊಳಗೆ ಪೆನ್ಸಿಲ್ಲಿನಿಂದ ಸುತ್ತಿದ.

“ಇದು ಒಂದ ಸಲ ಓಡತೈತಿ. ಆ ಒಂದ ಸಲದಾಗ ನಕಲು ತಗೀತೀನಿ. ಯಾರೂ ಕೆಮ್ಮಬ್ಯಾಡ್ರಿ.” ಅಂಗಡಿಯಲ್ಲಿದ್ದವರು ಉಸಿರನ್ನೂ ಬಿಗಿಹಿಡಿದರು. ನಕಲು ವೈರಿನಲ್ಲಿ ಆಗುತ್ತಿತ್ತು, ಕೆಮ್ಮಿನಿಂದ ಅದಕ್ಕೇನೂ ಆಗುತ್ತಿರಲಿಲ್ಲ.

ಕೊಟ್ರಮ್ಮ ಹಾಡಿದಳು: “ಬಂದಾನ, ಬಂದಾನ, ನಮ್ಮ… ಬಂದಾನ, ಬುಟ್ಟಿ ಹೋಳಿಗಿ ತಿಂದಾನ, ಇನ್ನೂ ಎಲಿ ಬಿಡವಲ್ಲ!”

“ಇಲ್ಲೊಂದು ಮಾತು ಹೋಗೇತಿ. ಏನಿತ್ತರಿ ಅಕ್ಕಾ?”

ಅಕ್ಕನಾಗಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು. “ಅದನ್ನ ನಾ ಹೆಂಗ ಹೇಳ್ಲಿ? ನನ್ನ ಮದುವ್ಯಾಗ ಕಟ್ಟಿದ ಹಾಡು. ಇವರ ಹೆಸರು.”

ಎಲ್ಲರೂ ದೊಡ್ಡಬಸಪ್ಪನ ಕಡೆ ತಿರುಗಿದರು. ಅವನು ಸೂರು ನೋಡುತ್ತಿದ್ದ.

“ಅದಕ್ಕ ಅಷ್ಟ ವಿಭೂತಿ ಹಚ್ಚೀರಿ!” ಎಂದಳು ಅಕ್ಕನಾಗಮ್ಮ.

“ಶಿವನಾಣಿ, ಭಕ್ತಿಗೆ ಹಚ್ಚೀನಲೇ!”

“ಹೋದದ್ದೂ ಚೊಲೋನ ಆತು ಬಿಡ್ರಿ,” ಎಂದ ಅಂಜಿನಪ್ಪ. “ನೀವು ಹಾಡಾಕ ಬಾರದ ಮಾತೊಂದ ಹೋಗೇತಿ. ಸಿರುಗುಪ್ಪದ ಬೀಗರ ಹೆಸರೇನು?”

“ಉಜ್ಜಿನಪ್ಪ.”

“ಹೋದ ಹೆಸರಿನ ಜಾಗದಾಗ ಅದನ್ನ ಇಟ್ಟು ಸ್ವಲ್ಪ ಎಳದು ಹಾಡ್ರಿ, ಕೂಡತೈತಿ.”

ದೊಡ್ಡಬಸಪ್ಪ ಕತ್ತರಿಸಿದ ತುಂಡನ್ನು ಹೆಕ್ಕಿ ಜೇಬಿಗಿಳಿಸಿದ. ಮದುವೆಯಲ್ಲಿ ಸಿರುಗುಪ್ಪದವರು ಒಂಬತ್ತು ಹಾಡು ಹಾಡಿದರು. ಕುರುಗೋಡಿನವರು ಹದಿನಾಲ್ಕು ಹಾಡಿದರು.