ಹಸುವಿನ ಎರಡನೇ ಹೊಟ್ಟೆ

ಆ ಪಶು ಚಿಕಿತ್ಸಾಲಯವನ್ನು ಕಟ್ಟಿ ಬೆಳೆಸಿದವಳು ಅಕ್ಕ. ಓದು ಮುಗಿಸಿದ ತಂಗಿಯನ್ನು ಜೊತೆಗೆ ಸೇರಿಸಿಕೊಂಡವಳೂ ಅವಳೇ. ವರ್ಷ ತುಂಬುವುದರೊಳಗೆ ಬಂದವರೆಲ್ಲ, "ಚಿಕ್ಕ ಡಾಕ್ಟರಮ್ಮ ಇದ್ದಾರಾ?" ಎಂದೇ ಕೇಳತೊಡಗಿದರು. ಅಕ್ಕನನ್ನು ಕಂಡರೆ ಮೇಜಿನಡಿ ನುಸುಳುವ ನಾಯಿಗಳೂ ತಂಗಿಯನ್ನು ಕಂಡರೆ ಬಾಲ ಆಡಿಸುತ್ತಿದ್ದವು. ಅಕ್ಕ ಮೇಲೆ ನಗುತ್ತಿದ್ದಳು, ಒಳಗೆ ಉರಿಯುತ್ತಿದ್ದಳು.

ಒಂದು ಬೆಳಗ್ಗೆ ಹಾಲು ಮಾರುವ ಹೆಂಗಸು ತನ್ನ ಕಂದು ಹಸುವನ್ನು ವ್ಯಾನಿನಲ್ಲಿ ಕರೆತಂದಳು.

"ಮೇವು ಮುಟ್ತಿಲ್ಲ, ಮೆಲುಕೂ ಹಾಕ್ತಿಲ್ಲ. ಚಿಕ್ಕೋರೇ, ನೀವೇ ನೋಡ್ಬೇಕು."

ಮುಂದೆ ಬಂದಿದ್ದ ಅಕ್ಕ ಬಾಗಿಲಿಗೆ ಸರಿದು ನಿಂತಳು.

ತಂಗಿ ಹಸುವಿನ ಎದೆಗೆ ಸ್ಟೆತಸ್ಕೋಪು ಇಟ್ಟು ನೋಡಿದಳು. "ಜ್ವರ ಇದೆ, ಉಸಿರು ಚಿಕ್ಕಚಿಕ್ಕದಾಗಿದೆ. ಶ್ವಾಸಕೋಶದ ಸೋಂಕು," ಎಂದು ಇಂಜೆಕ್ಷನ್ ಕೊಟ್ಟಳು.

ಹಸು ಬೆನ್ನು ಬಾಗಿಸಿ, ಮುಂಗಾಲುಗಳನ್ನು ಅಗಲಿಸಿ ನಿಂತಿದ್ದುದು ಅಕ್ಕನ ಕಣ್ಣಿಗೆ ಬಿದ್ದಿತ್ತು. ವ್ಯಾನಿನ ಹಲಗೆ ಇಳಿಯುವಾಗ ಅದು ನರಳಿದ್ದೂ ಕೇಳಿಸಿತ್ತು. ಹಸು ಸರಿಯಾಗಿ ಅಗಿಯದೆ ನುಂಗುತ್ತದೆ. ಮೇವಿನ ಜೊತೆ ಹೋದ ತಂತಿ ಅದರ ನಾಲ್ಕು ಹೊಟ್ಟೆಗಳಲ್ಲಿ ಎರಡನೆಯದರಲ್ಲಿ ಕೂರುತ್ತದೆ. ಅದರ ಮುಂದೆ ತೆಳು ಪರದೆಯಂಥ ವಪೆ, ವಪೆಯಾಚೆ ಹೃದಯ. ಆಳವಾಗಿ ಉಸಿರೆಳೆದರೆ ಚುಚ್ಚುತ್ತದೆಂದೇ ಹಸು ಉಸಿರನ್ನು ಹಿಡಿಹಿಡಿದು ಬಿಡುತ್ತಿತ್ತು.

ಇಷ್ಟು ಗೊತ್ತಿದ್ದೂ ಅಕ್ಕ ತುಟಿ ಬಿಚ್ಚಲಿಲ್ಲ. ಎಲ್ಲರೂ ತಲೆ ಮೇಲೆ ಹೊತ್ತು ಮೆರೆಸುವವಳು ಒಂದು ಸಲ ಎಡವಲಿ ಎಂದುಕೊಂಡು ಸಣ್ಣಗೆ ನಕ್ಕಳು.

ಮಧ್ಯಾಹ್ನ ಅಕ್ಕ ಊಟದ ತಟ್ಟೆ ಸರಿಸಿ ಎದ್ದಳು. ತಂತಿ ಇನ್ನೊಂದಿಷ್ಟು ಮುಂದೆ ಸರಿದರೆ ಹಸು ದಕ್ಕುವುದಿಲ್ಲ. ತಾನೇ ಹೋಗಿ ಕಂಡುಹಿಡಿದರೆ ಹಸುವೂ ಉಳಿಯುತ್ತದೆ, ತನ್ನ ಹೆಸರೂ ಮೇಲೇಳುತ್ತದೆ. ಹಾಗೆಂದುಕೊಂಡು ಆ ಹೆಂಗಸಿನ ಕೊಟ್ಟಿಗೆಗೆ ಹೋದರೆ, ತಂಗಿ ಆಗಲೇ ಅಲ್ಲಿದ್ದಳು. ಹಸುವಿನ ಬೆನ್ನು ಹಿಂಡಿ ಪರೀಕ್ಷಿಸುತ್ತಿದ್ದಳು. ಹಿಂಡಿದಾಗಲೆಲ್ಲ ಅದು ಬೆನ್ನು ತಗ್ಗಿಸಲಾರದೆ ನರಳುತ್ತಿತ್ತು.

"ಅಕ್ಕಾ, ಬೆಳಗ್ಗೆ ತಪ್ಪು ಹೇಳ್ಬಿಟ್ಟೆ. ತಂತಿ ಇರ್ಬೇಕು. ನಿಂಗೇ ಫೋನ್ ಮಾಡೋಳಿದ್ದೆ. ಇದು ನಿನ್ನ ಕೈಲೇ ಆಗ್ಬೇಕು."

ಹಸುವನ್ನು ನಿಂತಂತೆಯೇ ಕಟ್ಟಿ, ಎಡಪಕ್ಕೆಗೆ ಮರಗಟ್ಟಿಸುವ ಮದ್ದು ಕೊಟ್ಟು ಕೊಯ್ದರು. ಅಕ್ಕ ಭುಜದವರೆಗೂ ಕೈ ಇಳಿಸಿದಳು. ಮೊದಲ ಹೊಟ್ಟೆಯ ಬಿಸಿ ಮೇವು ದಾಟಿ ಮುಂದೆ ಹೋದಾಗ ಬೆರಳಿಗೆ ಜೇನುಗೂಡಿನಂಥ ಗೋಡೆ ತಾಕಿತು. ಅದರಾಚೆ ಹೃದಯ ಡವಡವ ಬಡಿಯುತ್ತಿತ್ತು. ಗೋಡೆಗೆ ನಾಟಿದ್ದ ತಂತಿಯನ್ನು ಮೆಲ್ಲನೆ ಬಿಡಿಸಿ ಹೊರತೆಗೆದಳು.

ಹಾಲಿನಾಕೆ ತಂಗಿಗೆ ಕೈಮುಗಿದಳು. "ನೀವು ಮತ್ತೆ ಬಂದು ನೋಡ್ದೇ ಇದ್ದಿದ್ರೆ ನನ್ನ ಹಸು ಹೋಗ್ಬಿಡ್ತಿತ್ತು ಚಿಕ್ಕೋರೇ!"

ಅಕ್ಕ ಕೊನೆಯ ಹೊಲಿಗೆ ಬಿಗಿದು ನಲ್ಲಿಯತ್ತ ನಡೆದಳು.

ನಲ್ಲಿಯಡಿ ಕೈ ತೊಳೆಯುವಾಗ ಅವಳೇ ಬಾಯಿಬಿಟ್ಟಳು. "ನಂಗೆ ಬೆಳಗ್ಗೆನೇ ಗೊತ್ತಾಗಿತ್ತು ಕಣೇ."

"ಗೊತ್ತು. ಬಾಗಿಲಲ್ಲಿ ನಿಂತು ಸಣ್ಣಗೆ ನಕ್ಕೆಯಲ್ಲ? ನಾನೇನೋ ತಪ್ಪು ಮಾಡಿದೀನಿ ಅನ್ನಿಸ್ತು. ಅದಕ್ಕೇ ವಾಪಸ್ ಬಂದು ನೋಡ್ದೆ." ತಂಗಿ ಸೋಪು ಮುಂದಕ್ಕೆ ಚಾಚಿದಳು. "ಇನ್ಮೇಲೆ ಬೈದಾದ್ರೂ ಹೇಳು. ನಿನ್ನ ಹತ್ರ ಕಲಿಯೋಕೇ ತಾನೆ ನಾನು ಬಂದಿದ್ದು?"

ತಂಗಿಯೇ ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತು. ಹಸು ಬೇಗನೇ ಚೇತರಿಸಿಕೊಂಡಿತು. ತಂಗಿಯ ಆ ದೊಡ್ಡ ಮನಸ್ಸನ್ನು ಅರಗಿಸಿಕೊಳ್ಳಲು ಅಕ್ಕನಿಗೆ ಮಾತ್ರ ಬಹಳ ಕಾಲ ಹಿಡಿಯಿತು.