ಹೊಟ್ಟೆ ಸಮೇತ ದಾಟುವ ತೂತು

ಪೆನ್ಸಿಲ್ಲು ಆಡುತ್ತಿದೆ, ಕಾಗದಕ್ಕೆ ಮಾತ್ರ ತಾಗುತ್ತಿಲ್ಲ, ಮೂರನೇ ಬೆಂಚಿನ ಚೂಟಿ ಬೋರ್ಡಿನ ಗುಣಾಕಾರಗಳನ್ನೆಲ್ಲ ಆಗಲೇ ಮುಗಿಸಿ ಗಾಳಿಯಲ್ಲಿ ಬರೆಯುವ ನಾಟಕ ಆಡುತ್ತಿದ್ದಾಳೆ, ಎಂಟು ವರ್ಷದ ಕಳ್ಳಿ, ಮೇಷ್ಟ್ರಿಗೆ ನಗು ಬಂತು, ಬಂದ ನಗುವನ್ನು ಕೆಮ್ಮು ಮಾಡಿಕೊಂಡರು, ಹಿಂದಿನ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ದೊಡ್ಡ ಮೇಡಂ ಕೂತಿದ್ದಾರಲ್ಲ — ಮುಖ್ಯೋಪಾಧ್ಯಾಯಿನಿ, ಖುದ್ದಾಗಿ, ಇದೊಂದು ಪೀರಿಯಡ್ ನೋಡಿ ತೀರ್ಮಾನ ಮಾಡ್ತೀನಿ ಅಂದವರು. ತೀರ್ಮಾನವೇನು, ನಾಳೆಯಿಂದ ಚೂಟಿ ಸಂಜೆ ತರಗತಿಗೆ, ಕಲಿಕೆಯಲ್ಲಿ ಹಿಂದೆ ಬಿದ್ದವರ ಜೊತೆ ಕೂತು ಎರಡರ ಮಗ್ಗಿಯಿಂದ ಶುರು, ಪರೀಕ್ಷೆಗಳೆಲ್ಲ ಹಳ್ಳ ಹಿಡಿದಿವೆ ಮೇಷ್ಟ್ರೇ, ಅಂಕ ಸುಳ್ಳು ಹೇಳುತ್ತಾ? ಹೇಳುತ್ತೆ ಮೇಡಂ, ಇವಳು ಅಂಕದ ಬಾಯಲ್ಲೂ ಸುಳ್ಳು ಹೇಳಿಸ್ತಾಳೆ, ನೀವೇ ಬಂದು ನೋಡಿ. ಬಾಯಿಬಿಟ್ಟು ಅಂದಾಗಿದೆ, ಇನ್ನು ತೋರಿಸಬೇಕು, ತೋರಿಸುತ್ತಾರೆ, ಅದರಲ್ಲಿ ಮೇಷ್ಟ್ರಿಗೆ ಅನುಮಾನವಿಲ್ಲ.

ಮೊನ್ನೆ ನಲ್ಲಿಯ ಹತ್ತಿರ ಕೇಳಿಯೇಬಿಟ್ಟಿದ್ದರು, ಏನೇ ಚೂಟಿ, ಬರೋ ಲೆಕ್ಕಾನ ಯಾಕೆ ತಪ್ಪು ಮಾಡ್ತೀಯ, ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತ ತಿರುಗಿಸುತ್ತ, ಸರಿ ಮಾಡಿದ್ರೆ ಇನ್ನೂ ಹತ್ತು ಕೊಡ್ತಾರೆ ಸಾರ್, ಅದೇ ಥರದ್ದು, ಅದೂ ಮುಗಿದ್ರೆ ಬೇರೆಯವರದ್ದನ್ನ ತಿದ್ದು ಅಂತಾರೆ. ಅಯ್ಯೋ ದೇವರೇ, ಕನ್ನಡಕದ ಟೀಚರು, ಹೋದ ವರ್ಷ ಇವಳಿಗೆ ಪಾಠ ಮಾಡಿದವರು, ಪಾಪ, ಮೆಚ್ಚಿಕೊಂಡೇ ಕೊಟ್ಟದ್ದು, ಮೇಷ್ಟ್ರಾದವರೆಲ್ಲ ಮಾಡುವುದು ಅದನ್ನೇ, ಬೇಗ ಉಂಡವರ ತಟ್ಟೆಗೆ ಅದೇ ಊಟ ಸುರಿದು ಉಪಚಾರ ಅನ್ನುವುದು, ಮಗು ಉಣ್ಣುವುದನ್ನೇ ನಿಧಾನ ಮಾಡಿತು, ಬುದ್ಧಿ ಅಂದರೆ ಅದು. ಆದರೆ ಗೇಟಿನ ಹತ್ತಿರ ಅವಳಮ್ಮ, ಬಸ್ಸು ಹೊರಟರೂ ಹತ್ತದೆ, ನಮ್ಮ ಹುಡುಗಿ ದಡ್ಡಿನಾ ಸಾರ್, ಹೌದಾದ್ರೆ ಹೌದು ಅನ್ನಿ, ನಾನೇನೂ ಅಂದ್ಕೊಳಲ್ಲ — ಅನ್ನುವಾಗಲೇ ಕಣ್ಣು ತುಂಬಿತ್ತು, ಆವತ್ತು ಮೇಷ್ಟ್ರಿಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು, ರಾತ್ರಿ ಊಟ ಸೇರಲಿಲ್ಲ. ಇವತ್ತು ಬೆಳಿಗ್ಗೆ ಅದೇ ಸಿಟ್ಟಿನಲ್ಲಿ ಕತ್ತರಿಗಳನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದರೆ ಮನೆಯವಳು, ಏನ್ರೀ, ಪಾಠ ಮಾಡ್ತೀರೋ ಕ್ಷೌರ ಮಾಡ್ತೀರೋ.

ಸಾಕು, ಪುಸ್ತಕ ಮುಚ್ಚಿ, ಚಪ್ಪಾಳೆ ತಟ್ಟಿದರು, ತಲೆಗೊಂದು ಹಾಳೆ, ಬೆಂಚಿಗೆರಡು ಕತ್ತರಿ, ಈ ಹಾಳೇಲಿ ಒಂದು ತೂತು ಮಾಡ್ಬೇಕು, ಅದರೊಳಗಿಂದ ನಾನು ದಾಟಿ ಆಚೆ ಬರಬೇಕು, ತುಂಡು ಮಾಡಿ ಅಂಟಿಸೋ ಹಾಗಿಲ್ಲ. ನೀವಾ ಸಾರ್, ಹೊಟ್ಟೆ ಸಮೇತನಾ? ಹೊಟ್ಟೆ ಸಮೇತ ಕಣ್ರೋ, ಮನೇಲಿ ಬಿಟ್ಟು ಬರೋಕಾಗುತ್ತಾ — ನಗು, ಗಲಾಟೆ, ಆಗಲಿ, ಇನ್ನೊಂದು ಮಾತು, ಮೊದಲು ಮುಗಿಸಿದವರಿಗೆ ಏನೂ ಇಲ್ಲ, ಬಹುಮಾನಾನೂ ಇಲ್ಲ, ಹೆಚ್ಚಿನ ಲೆಕ್ಕಾನೂ ಇಲ್ಲ. ಮೂರನೇ ಬೆಂಚಿನ ಕಡೆ ನೋಡಲಿಲ್ಲ, ನೋಡದೆಯೂ ಗೊತ್ತು, ಅಲ್ಲಿ ಕಿವಿ ನೆಟ್ಟಗಾಗಿದೆ. ಎಲ್ಲರೂ ನಡುವೆ ದುಂಡಗೆ ಕತ್ತರಿಸುತ್ತಾರೆ, ತಲೆ ತೂರುತ್ತದೆ, ಭುಜ ತೂರುವುದಿಲ್ಲ, ಚೂಟಿ ಹಾಳೆಯನ್ನು ಮುಟ್ಟಿಲ್ಲ, ನೋಡುತ್ತಿದ್ದಾಳೆ, ಈಗ ಮುಟ್ಟಿದಳು, ಅಂಚಿನಿಂದ ಸುತ್ತಿ ಸುತ್ತಿ ಒಳಗೆ ಕತ್ತರಿಸಿಕೊಂಡು ಹೋದಳು, ಭೇಷ್, ಆದರೆ ಬಿಡಿಸಿದರೆ ಉದ್ದನೆಯ ಪಟ್ಟಿ ಅಷ್ಟೆ, ತೂತೇ ಇಲ್ಲ. ಮುಖ ಕೆಂಪಾಯಿತು, ಬರದೇ ಇರುವುದು ಅಂದರೆ ಏನು ಅಂತ ಈ ಮಗುವಿಗೆ ಇವತ್ತೇ ಗೊತ್ತಾಗುತ್ತಿರುವುದು, ಪಟ್ಟಿಯನ್ನು ಮುದುರಿ ಎಸೆದಳು, ಅಳುತ್ತಾಳೆ, ಅತ್ತೇಬಿಟ್ಟಳು, ಮಡಚು ಕಣೇ, ಎರಡೂ ಕಡೆಯಿಂದ ಕತ್ತರಿಸು ಕಣೇ, ನಾಲಿಗೆಯ ತುದಿಗೆ ಬಂದದ್ದನ್ನು ಮೇಷ್ಟ್ರು ಕಷ್ಟಪಟ್ಟು ನುಂಗಿದರು, ಹೇಳಿದರೆ ಅದು ಇವರ ತೂತು, ಅವಳದಲ್ಲ — ಹಿಂದೆ ಕರಕರ ಸದ್ದು, ಏನಪ್ಪಾ ಅಂದರೆ ದೊಡ್ಡ ಮೇಡಮ್ಮೇ ನಾಲಿಗೆ ಕಚ್ಚಿಕೊಂಡು ಕತ್ತರಿ ಆಡಿಸುತ್ತಿದ್ದಾರೆ!

ಗಂಟೆ ಹೊಡೆಯಿತು. ಕ್ಲಾಸೆಲ್ಲ ಆಟಕ್ಕೆ ನುಗ್ಗಿತು, ನೆಲದ ತುಂಬ ಕಾಗದದ ಚೂರು, ಮೇಡಂ ಎದ್ದು ಮಂಡಿ ನೀವಿಕೊಳ್ಳುತ್ತ ಮುಂದೆ ಬಂದರು, ಅವಳಿಗೂ ಬರಲಿಲ್ಲವಲ್ಲ ಮೇಷ್ಟ್ರೇ, ನೋಡಿ, ನಾಳೆಯಿಂದ ಸಂಜೆ — ಮಾತು ಅಲ್ಲಿಗೇ ನಿಂತಿತು, ಪಕ್ಕದಿಂದ ಚೂಟಿಯ ಕೈ ಚಾಚಿದೆ, ಅಂಗೈ ಮೇಲಾಗಿ, ಬೆರಳಿಗೆ ಕತ್ತರಿ ಒತ್ತಿದ ಕೆಂಪು ಗೆರೆ, ಮುಖ ಎತ್ತದೆಯೇ, ಇನ್ನೊಂದು ಹಾಳೆ ಕೊಡಿ. ಮೇಡಂ ಮೇಜಿನ ಮೇಲಿನ ಕಟ್ಟಿನಿಂದ ಒಂದನ್ನು ಕೊಟ್ಟರು, ಆಟಕ್ಕೆ ಹೋಗಲ್ವೇನೇ? ಹಾಳೆ ಮಡಚಿಕೊಂಡಿತು, ಕತ್ತರಿ ಈ ಕಡೆಯಿಂದ ಹೋಯಿತು, ಹರಿಯಿತು, ಥೂ, ಮತ್ತೆ ಆ ಕೈ, ಇನ್ನೊಂದು. ಮೇಡಂ ಅದೇ ಪುಟ್ಟ ಬೆಂಚಿನಲ್ಲಿ ಅವಳ ಪಕ್ಕ ಕೂತರು, ಸಂಜೆ ತರಗತಿ ಬೇಡ ಬಿಡಿ ಅಂದರು, ಮೇಷ್ಟ್ರಿಗೆ ಕೇಳಿಸಿತೋ ಇಲ್ಲವೋ, ಹೆಚ್ಚಿಗೆ ಕೊಟ್ಟಾರೆಂದು ಹೆದರಿ ಇಷ್ಟು ದಿನ ತಪ್ಪು ಬರೆದ ಕೈ, ಅದೇ ಕೈ, ಮೇಷ್ಟ್ರು ಕಟ್ಟಿನಿಂದ ಹಾಳೆ ಎಳೆಯುವಷ್ಟರಲ್ಲಿ ಮತ್ತೆ ಚಾಚಿಯಾಗಿತ್ತು, ಅಂಗೈ ಮೇಲಾಗಿ, ಬೆರಳುಗಳು ಬಿಡಿಬಿಡಿ, ಅವಸರಕ್ಕೆ ಸಣ್ಣಗೆ ಕುಣಿಯುತ್ತಿರುವ ಕೈ —